ಏಳು ಬಿದ್ದರೆ ಹಿಡಿತ

ನನಗಾಗ ಎಪ್ಪತ್ತೊಂದು. ಅದಾಗಿ ಎರಡು ವರ್ಷ ಕಳೆಯಿತು. ಈಗ ಯಾಕೆ ಆ ಮಾತು ತೆಗೆದೆನೆಂದರೆ, ಇವತ್ತು ಬೆಳಿಗ್ಗೆ ಒಲೆಯ ಮೇಲೆ ಮೈದಾದ ಅಂಟು ಕಾಯಿಸುತ್ತಿದ್ದೆ. ಜಿರಲೆ ತಿನ್ನಬಾರದೆಂದು ಅದಕ್ಕೆ ಒಂದು ಚಿಟಿಕೆ ಮೈಲುತುತ್ತು ಹಾಕುತ್ತೇನೆ. ಎರಡೂ ಸೇರಿ ಕುದಿಯುವಾಗ ಒಂದು ವಾಸನೆ ಬರುತ್ತದೆ, ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದು ಮೂಗಿಗೆ ಬಡಿಯಿತೋ ಇಲ್ಲವೋ ನನ್ನ ಬಲಗಾಲು ತಾನಾಗಿ ಹಿಂದಕ್ಕೆ ಎಳೆದುಕೊಂಡಿತು, ಯಾರೋ ಹಿಡಿಯಲು ಬಂದ ಹಾಗೆ. ಅಂಟಿಗೂ ಕಾಲಿಗೂ ಏನು ಸಂಬಂಧ ಎಂದು ನೀವು ಕೇಳಬೇಕು. ಕೇಳದಿದ್ದರೂ ನಾನು ಹೇಳುವವಳೇ. ಕುಳಿತುಕೊಳ್ಳಿ.

ನಾನು ಓದಿದ್ದು ಮೂರನೆಯ ಕ್ಲಾಸು. ಅಕ್ಷರ ಬರುತ್ತದೆ, ಒತ್ತಕ್ಷರ ಕಾಲು ಎಳೆಯುತ್ತದೆ. ತಮ್ಮನ ಹೆಂಡತಿ ಸುಗಂಧಿ ಇದನ್ನು ತಿದ್ದಿಕೊಟ್ಟಿದ್ದಾಳೆ. ಚಂದ ಮಾಡಲು ಹೋಗಬೇಡ ಎಂದು ಮೊದಲೇ ಹೇಳಿದ್ದೇನೆ. ನಾವು ಆಡಿದ ಮಾತೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ಬರುವಾಗ ಉಪ್ಪುಕಾರ ಸ್ವಲ್ಪ ಕಡಿಮೆಯಾಗಿರಬಹುದು.

ತಮ್ಮ ಎಂದೆನಲ್ಲ, ಅವನ ಹೆಸರು ವಿಠಲ. ಬಂಟ್ವಾಳದಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ಬೇಲಿ. ಬಹರೈನಿನಲ್ಲಿ ಯಾವುದೋ ಕಂಪೆನಿಯ ಕ್ಯಾಂಪಿನಲ್ಲಿ ಅಡುಗೆಯವನಾಗಿದ್ದ. ಮೀಸೆ ಕಪ್ಪಿರುವಾಗ ಹೋದವನು ಬಿಳಿಯಾದ ಮೇಲೆ ಬಂದ. ಬರುವಾಗ ಎಲ್ಲರೂ ತರುವ ಕಂಬಳಿ, ಸೆಂಟು, ಟಾರ್ಚು ತಂದ. ಜೊತೆಗೆ ಒಂದು ರಟ್ಟಿನ ಪೆಟ್ಟಿಗೆ. ಸುಗಂಧಿ ಅದನ್ನು ಮಿಠಾಯಿ ಎಂದು ತಿಳಿದು ದೇವರ ಮುಂದೆ ಇಟ್ಟು ಊದುಬತ್ತಿಯನ್ನೂ ತೋರಿಸಿದ್ದಳು. ತೆರೆದರೆ ಇಸ್ಪೀಟಿಗಿಂತ ದೊಡ್ಡ ಎಲೆಗಳು. ಒಂದೊಂದರಲ್ಲಿ ಒಬ್ಬೊಬ್ಬ ಮನುಷ್ಯನ ಹೆಸರು, ಅದರ ಕೆಳಗೆ ಇರುವೆ ಸಾಲಿನಂತೆ ಅಂಕಿಗಳು. ಮತ್ತೆ ಎರಡು ದಾಳ.

"ಇದೆಂತ ಮಾರಾಯ? ಜೂಜು ಕಲಿತು ಬಂದ್ಯಾ?" ಎಂದು ಕೇಳಿದೆ.

ಜೂಜಲ್ಲವಂತೆ. ಕ್ಯಾಂಪಿನಲ್ಲಿ ಅಮೆರಿಕದ ಒಬ್ಬ ಮುದಿ ಮೇಸ್ತ್ರಿ ಇದ್ದನಂತೆ. ಶುಕ್ರವಾರ ರಜೆ ಬಂತೆಂದರೆ ಊಟದ ಮೇಜು ಒರೆಸಿ ಈ ಎಲೆಗಳನ್ನು ಹರಡುತ್ತಿದ್ದನಂತೆ. ಅವರ ಕಡೆಯ ಬೇಸ್‌ಬಾಲ್ ಎಂಬ ಆಟದ ಹಳೆಯ ಹಳೆಯ ಟೀಮುಗಳು. ಅವನ ಅಜ್ಜ ನೋಡಿದ ಟೀಮು, ಅಪ್ಪ ನೋಡಿದ ಟೀಮು. ಆಡಿದವರಲ್ಲಿ ಒಬ್ಬರೂ ಈಗ ಬದುಕಿಲ್ಲ. ಯಾರು ಎಷ್ಟು ಚೆನ್ನಾಗಿ ಆಡುತ್ತಿದ್ದರೋ ಅದಕ್ಕೆ ತಕ್ಕ ಅಂಕಿ ಎಲೆಯಲ್ಲಿ. ದಾಳ ಹಾಕಿದರೆ ಸತ್ತವರು ಎದ್ದು ಆಡುತ್ತಾರೆ. ಒಂದು ಕಾಲದಲ್ಲಿ ಇದ್ದವರನ್ನು ಇನ್ನೊಂದು ಕಾಲದಲ್ಲಿ ಇದ್ದವರ ಎದುರಿಗೂ ಆಡಿಸಬಹುದು. ವಿಠಲ ಚಹಾ ಕೊಡಲು ಹೋದವನು ಎದುರು ಕುಳಿತ. ಆಮೇಲೆ ಎಲ್ಲ ಶುಕ್ರವಾರವೂ ಕುಳಿತ. ಮೇಸ್ತ್ರಿ ಊರಿಗೆ ಹೋಗುವಾಗ ಪೆಟ್ಟಿಗೆ ಇವನಿಗೆ ಕೊಟ್ಟು ಹೋದನಂತೆ.

"ಆ ಆಟದಲ್ಲಿ ಎಂತ ಮಾಡುವುದು?"

"ಒಬ್ಬ ಚೆಂಡು ಎಸೆಯುವುದು, ಇನ್ನೊಬ್ಬ ದೊಣ್ಣೆಯಲ್ಲಿ ಹೊಡೆಯುವುದು. ಹೊಡೆದು ಒಂದು ಸುತ್ತು ಓಡಿ, ಹೊರಟ ಜಾಗಕ್ಕೇ ವಾಪಸು ಬರುವುದು."

"ಹೊರಟ ಜಾಗಕ್ಕೇ ಬರ್ಲಿಕ್ಕೆ ಓಡುವುದ್ಯಾಕೆ? ಅಲ್ಲೇ ನಿಂತರಾಯ್ತಲ್ಲ?"

"ಅಕ್ಕ, ನೀನು ಕಬಡ್ಡಿಯಲ್ಲಿ ಮತ್ತೆ ಎಂತ ಮಾಡಿದ್ದು?"

ನನ್ನ ಬಾಯಿ ಮುಚ್ಚಿಸಿದವರು ಕಡಿಮೆ. ಅವನಿಗೂ ಆ ಮಾತು ಆಡಿದ ಮೇಲೆ ತಲೆಯಲ್ಲಿ ಏನೋ ಹೊಳೆಯಿತು. ಎಲೆಗಳನ್ನು ನೋಡಿದ, ನನ್ನನ್ನು ನೋಡಿದ. "ಅಕ್ಕ! ನಮ್ಮವರನ್ನೂ ಹೀಗೆ ಮಾಡಿದ್ರೆ? ಲಾಯಿಲದ ಆ ಹಳೇ ಕಬಡ್ಡಿ ಟೀಮು! ಅಳದಂಗಡಿಯ ಟೀಮು! ಗದ್ದೆಯಲ್ಲಿ ಗ್ಯಾಸ್‌ಲೈಟ್ ಕಟ್ಟಿ ಆಡಿದವರು!" ಅರವತ್ತು ದಾಟಿದ ಗಂಡಸು ಅಂಗಳದಲ್ಲಿ ಕುಣಿದದ್ದನ್ನು ಬೇಲಿಯಾಚೆಯಿಂದ ನನ್ನ ಸೊಸೆ ನೋಡಿ, ಲಾಟರಿ ಬಂತಾ ಎಂದು ಕೇಳಿದಳು.

ಎಲೆ ಮಾಡಲು ದಪ್ಪ ಕಾಗದ ಬೇಕಲ್ಲ. ನಮ್ಮ ಊರಲ್ಲಿ ಅದಕ್ಕೆ ಬರವಿಲ್ಲ. ಮದುವೆ ಕಾಗದ ಯಾರ ಮನೆಯಲ್ಲಿಲ್ಲ? ಮನೆಯೊಕ್ಕಲು, ನಾಮಕರಣ, ಸತ್ತವರ ಬೊಜ್ಜ, ಎಲ್ಲಕ್ಕೂ ಕಾಗದ. ಬಿಸಾಡಿದರೆ ಅಶುಭ, ಇಟ್ಟುಕೊಂಡರೆ ಗೆದ್ದಲು. ಬೊಜ್ಜದ ಕಾಗದ ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿ, ಎರಡೆರಡು ಸೇರಿಸಿ ಅಂಟಿಸಿದೆವು. ಅಂಟು ಕಾಯಿಸುವ ಕೆಲಸ ನನ್ನದು. ಹೀಗಾಗಿ ಲಾಯಿಲದ ರೈಡರನ ಬೆನ್ನ ಮೇಲೆ ಯಾರದೋ ಮದುವೆಯ ಚಿನ್ನದ ಗಣಪತಿ, ಅಳದಂಗಡಿಯ ಕ್ಯಾಪ್ಟನ್ನನ ಬೆನ್ನ ಮೇಲೆ "ಉಡುಗೊರೆ ಸ್ವೀಕರಿಸಲಾಗುವುದಿಲ್ಲ".

ಆಟ ಸುಲಭ. ಎಲೆಯಲ್ಲಿ ಎರಡರಿಂದ ಹನ್ನೆರಡರವರೆಗೆ ಅಂಕಿ. ಪ್ರತಿ ಅಂಕಿಯ ಎದುರು ಮೂರರಲ್ಲಿ ಒಂದು ಮಾತು: ಮುಟ್ಟಿ ಬಂದ, ಖಾಲಿ ಬಂದ, ಹಿಡಿದರು. ಎದುರು ಟೀಮಿನವರನ್ನು ಮುಟ್ಟಲು ರೈಡಿಗೆ ಹೋಗುವವನ ಎಲೆಯನ್ನು ಮುಂದಿಟ್ಟು ಎರಡು ದಾಳ ಹಾಕುವುದು. ಎರಡನ್ನೂ ಕೂಡಿಸಿದಾಗ ಬಂದ ಅಂಕಿಯ ಎದುರು ಏನು ಬರೆದಿದೆಯೋ ಅದು ಆಯಿತು. ಏಳು ಆಗಾಗ ಬೀಳುತ್ತದೆ. ಎರಡು, ಹನ್ನೆರಡು ಅಪರೂಪ. ಹಾಗಾಗಿ ಏಳರ ಎದುರು ಏನು ಬರೆಯುತ್ತೇವೋ ಅದೇ ಆ ಮನುಷ್ಯನ ಜಾತಕ. ಇನ್ನೊಂದು ನಿಯಮ, ದಾಳ ಮೇಜಿನಿಂದ ಕೆಳಗೆ ಬಿದ್ದರೂ ಬಿದ್ದದ್ದೇ ಲೆಕ್ಕ. ವಿಠಲನ ಮೇಜು ಅಷ್ಟು ಸಣ್ಣದು. ಹಾಗೆ ಮಾಡದಿದ್ದರೆ ಆಟ ಮುಂದೆ ಹೋಗುತ್ತಿರಲಿಲ್ಲ.

ಸುದ್ದಿ ಬೆಳ್ತಂಗಡಿಯವರೆಗೆ ಹೋಗಲು ಎರಡು ದಿನ ಬೇಕಾಗಲಿಲ್ಲ. ಮೊದಲು ಬಂದವನು ಅಲ್ಲೇ ಪಕ್ಕದ ಲಾಯಿಲದ ಶೀನಣ್ಣ, ಅವರ ಟೀಮಿನ ಹೆಸರುವಾಸಿ ರೈಡರ್. ಈಗ ಎರಡೂ ಮೊಣಕಾಲಿಗೆ ಪಟ್ಟಿ. ಕೈಯಲ್ಲಿ ಒಂದು ಗೊನೆ ಕದಳಿ ಬಾಳೆಹಣ್ಣು.

"ನಾನು ಕಾರ್ಡಿನ ವಿಷಯಕ್ಕೆ ಬಂದದ್ದಲ್ಲ ಆಯ್ತಾ," ಎಂದ. ಯಾರೂ ಕೇಳಿರಲಿಲ್ಲ. "ಸುಮ್ಮನೆ ಈ ದಾರಿಯಾಗಿ ಹೋಗ್ತಾ ಇದ್ದೆ."

ಲಾಯಿಲದಿಂದ ಎಲ್ಲಿಗೆ ಹೋಗುವವನಿಗೂ ನಮ್ಮ ಓಣಿ ದಾರಿಯಲ್ಲಿ ಸಿಗುವುದಿಲ್ಲ. ಚಹಾ ಕುಡಿದ, ಮಳೆ ಬೆಳೆ ಮಾತಾಡಿದ, ಎದ್ದ. ಚಪ್ಪಲಿ ಮೆಟ್ಟುತ್ತಾ ಬಾಗಿಲ ಕಡೆ ನೋಡಿಕೊಂಡು ಕೇಳಿದ, "ವಿಠಲಾ, ನನ್ನ ಏಳರ ಎದುರು ಎಂತ ಬರ್ದದ್ದು ಮಾರಾಯ?"

"ಖಾಲಿ ಬಂದ ಅಂತ."

"ಹೌದಾ." ಮೆಟ್ಟಿದ ಚಪ್ಪಲಿಯನ್ನು ಬಿಚ್ಚಿ ಮತ್ತೆ ಮೆಟ್ಟಿದ. "ಇಲ್ಲ, ಎಂತ ಇಲ್ಲ. ಮೊಮ್ಮಕ್ಕಳು ನೋಡ್ತಾರಲ್ಲ, ಅಷ್ಟೇ."

ಅವನು ಗೇಟು ದಾಟುವ ಮೊದಲೇ ವಿಠಲ ಏಳರ ಎದುರು "ಮುಟ್ಟಿ ಬಂದ" ಎಂದು ಬದಲಿಸಿದ್ದ. ಮರುದಿನ ಅಳದಂಗಡಿಯ ಕ್ಯಾಪ್ಟನ್ ಪದ್ಮಣ್ಣ ಹಲಸಿನ ಹಪ್ಪಳ ಹಿಡಿದುಕೊಂಡು ಬಂದ. ಅವನೂ ಕಾರ್ಡಿನ ವಿಷಯಕ್ಕೆ ಬಂದವನಲ್ಲ. ತೀರಿಹೋದವರ ಮಕ್ಕಳು ಮುಂಬಯಿಯ ಹೋಟೆಲುಗಳಿಂದ ಫೋನು ಮಾಡಿದರು. ಅಪ್ಪನನ್ನು ಹಿಡಿದವರೇ ಇಲ್ಲವಂತೆ ಅಂಕಲ್, ಅಮ್ಮ ಹೇಳ್ತಿದ್ರು. ವಿಠಲ ಇಲ್ಲ ಎನ್ನುವವನಲ್ಲ. ನಮ್ಮ ಕಡೆ ಎದುರಿಗೆ ನಿಂತವನಿಗೆ ಇಲ್ಲ ಎನ್ನುವುದು ಯಾರಿಗೆ ಬರುತ್ತದೆ? ಮದುವೆಯಲ್ಲಿ ಸಾರು ಹಳಸಿದ್ದರೂ ಒಳ್ಳೆಯದಾಯಿತು ಎಂದು ಕೈ ತೊಳೆಯುವ ಜನ ನಾವು.

ಕಡೆಗೆ ಒಂದು ಭಾನುವಾರ ಲಾಯಿಲಕ್ಕೂ ಅಳದಂಗಡಿಗೂ ದೊಡ್ಡ ಪಂದ್ಯ. ವಿಠಲನ ಮನೆಯ ಚಾವಡಿ ತುಂಬ ಜನ. ಶೀನಣ್ಣ ಬಿಳಿ ಪಂಚೆ ಉಟ್ಟು ಬಂದಿದ್ದ. ದಾಳ ಹಾಕಿದರು: ಮುಟ್ಟಿ ಬಂದ. ಆಚೆಯವರು ಹಾಕಿದರು: ಮುಟ್ಟಿ ಬಂದ. ಇವರು: ಮುಟ್ಟಿ ಬಂದ. ಅವರು: ಮುಟ್ಟಿ ಬಂದ. ಮೊದಮೊದಲು ಚಪ್ಪಾಳೆ, ಶಿಳ್ಳೆ. ಚಹಾ ಒಂದು ಸಲ ಬಂತು, ಇನ್ನೊಂದು ಸಲ ಬಂತು. ದನ ಕರೆಯುವ ಹೊತ್ತಾಯಿತು. ಒಬ್ಬನೂ ಸಿಕ್ಕಿಬೀಳಲಿಲ್ಲ. ಔಟಾದವರೆಲ್ಲ ಮರುಕ್ಷಣ ಜೀವ ಬಂದು ಎದ್ದು ನಿಲ್ಲುತ್ತಿದ್ದರು. ಚಪ್ಪಾಳೆ ನಿಂತಿತು. ಪದ್ಮಣ್ಣ ಆಕಳಿಸಿದ. ತನ್ನ ಮೊಮ್ಮಕ್ಕಳು ನೋಡಬೇಕೆಂದಿದ್ದ ಶೀನಣ್ಣ ತಾನೇ ನೋಡದೆ ಕಿಟಕಿಯಾಚೆ ನೋಡುತ್ತಿದ್ದ.

ನನಗೆ ತಡೆಯಲಾಗಲಿಲ್ಲ. "ಇದು ಕಬಡ್ಡಿಯಾ, ಸತ್ಯನಾರಾಯಣ ಪೂಜೆಯಾ? ಬಂದವರಿಗೆಲ್ಲ ಪ್ರಸಾದ ಹಂಚಿದ ಹಾಗೆ ಪಾಯಿಂಟು ಹಂಚಿದ್ರೆ ಇದನ್ನು ನೋಡುವವರು ಯಾರು?" ಎಂದೆ. ಆಟ ಅಲ್ಲಿಗೇ ನಿಂತಿತು. ಎಲ್ಲರೂ ಚೆನ್ನಾಗಾಯಿತು ಎಂದು ಹೇಳಿ ಹೋದರು.

ನಾನು ಅಷ್ಟು ಉರಿದುಬೀಳಲು ಬೇರೆ ಕಾರಣವಿತ್ತು. ಆ ಎಲೆಗಳನ್ನು ಕಂಡ ದಿನದಿಂದ ನನ್ನ ತಲೆಯಲ್ಲಿ ಒಂದೇ ಒಂದು ರೈಡು ಸುತ್ತುತ್ತಿತ್ತು. ಅದು ನನ್ನದು.

ಮದುವೆಗೆ ಮುಂಚೆ ನಾನು ಬೀಡಿ ಕಟ್ಟುತ್ತಿದ್ದೆ. ನಮ್ಮಲ್ಲಿ ಯಾರು ಕಟ್ಟಲಿಲ್ಲ? ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡಲು ಹೋದರೆ ಸಾಲು. ಬ್ರಾಂಚಿನ ಪಕ್ಕದಲ್ಲೇ ಕೊಯ್ಲು ಮುಗಿದ ಗದ್ದೆ. ಬುಟ್ಟಿಗಳನ್ನು ಸಾಲಿನಲ್ಲಿ ನಿಲ್ಲಿಸಿ ನಾವು ಸೀರೆಗೆ ಕಚ್ಚೆ ಹಾಕಿ ಗದ್ದೆಗೆ ಇಳಿಯುತ್ತಿದ್ದೆವು. ನಮ್ಮ ಟೀಮು ಹುಟ್ಟಿದ್ದು ಹೀಗೆ. ಮೂಡಬಿದಿರೆಯ ಬ್ರಾಂಚಿನಲ್ಲೂ ಹೀಗೇ ಒಂದು ಟೀಮು ಇದೆ ಎಂದು ಕೇಳಿದ್ದೆವು. ಒಂದು ವರ್ಷ ನಮ್ಮೂರಿನ ಯುವಕ ಮಂಡಲದವರು ಕಬಡ್ಡಿ ಪಂದ್ಯ ಇಟ್ಟಾಗ ಹೆಂಗಸರಿಗೂ ಇಡುವ ಎಂದರು. ಸಂಗೀತ ಕುರ್ಚಿಯಂತೆ ಜನರಿಗೆ ನಗಲಿಕ್ಕೆ ಒಂದು ಐಟಂ ಎಂದು ಅವರ ಎಣಿಕೆ. ಆಟ ಸುರುವಾದ ಮೇಲೆ ಯಾರೂ ನಗಲಿಲ್ಲ. ನಾವೂ ಮೂಡಬಿದಿರೆಯವರೂ ಫೈನಲಿಗೆ ಬಂದೆವು.

ಅವರ ಟೀಮಿನಲ್ಲಿ ಕಾರ್ಮಿನ್ ಬಾಯಿ ಎಂಬವಳಿದ್ದಳು. ಕ್ರಿಶ್ಚನ್ ಹುಡುಗಿ, ಗಿಡ್ಡ, ಅಗಲ. ಎಡದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು, ಅಡುಗೆ ಮನೆಯಲ್ಲಿ ಮೀನು ಕೊಯ್ಯಲು ಕುಳಿತಂತೆ. ಪಾದದ ಗಂಟನ್ನೇ ಹಿಡಿಯುವವಳು. ಬೀಡಿ ಕಟ್ಟುವ ಬೆರಳು, ಒಮ್ಮೆ ಮುಚ್ಚಿದರೆ ಬಿಚ್ಚುವುದಿಲ್ಲ. ಕೊನೆಗೆ ನಮ್ಮಲ್ಲಿ ಉಳಿದವಳು ನಾನೊಬ್ಬಳೇ. ಕೊನೆಯ ರೈಡು. ಮುಟ್ಟಿ ಬಂದರೆ ಗೆಲುವು, ಸಿಕ್ಕಿದರೆ ಸೋಲು. ಉಸಿರು ಹಿಡಿದು ಕಬಡ್ಡಿ ಕಬಡ್ಡಿ ಎನ್ನುತ್ತ ಮಧ್ಯದ ಗೆರೆಗೆ ಕಾಲಿಟ್ಟಿದ್ದೇನೆ ಅಷ್ಟೇ, ಪೀಪಿ ಊದಿದರು.

ಮೈಕಿನಲ್ಲಿ ಹೇಳಿದರು: "ಮುಖ್ಯ ಅತಿಥಿಗಳಿಗೆ ಬೇರೆ ಕಾರ್ಯಕ್ರಮ ಇರುವುದರಿಂದ ಪುರುಷರ ಫೈನಲ್ ಈಗಲೇ ಆರಂಭವಾಗಲಿದೆ. ಮಹಿಳೆಯರು ದಯವಿಟ್ಟು ಅಂಕಣ ಬಿಟ್ಟುಕೊಟ್ಟು ಸಹಕರಿಸಬೇಕು."

ಸಹಕರಿಸಿದೆವು. ಬಹುಮಾನಕ್ಕೆಂದು ಒಂದು ಸ್ಟೀಲಿನ ಕೊಡಪಾನ ಇಟ್ಟಿದ್ದರು. ಮಂಡಲದ ಅಧ್ಯಕ್ಷ ಅದನ್ನು, ನಮ್ಮೂರಿನವರಲ್ಲವಾ ಎಂದು ನನ್ನ ಕೈಗೆ ಕೊಟ್ಟ. ಕಾರ್ಮಿನ್ ಬಾಯಿ ಕೊಡಪಾನವನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಕೊಡವಿ ಹೋದಳು. ನನಗೆ ನಾಚಿಕೆ ಏನೂ ಆಗಲಿಲ್ಲ. ಕೊಟ್ಟರು, ತಂದೆ. ಮದುವೆಯಾಗಿ ಬರುವಾಗಲೂ ತಂದೆ. ಆವತ್ತಿನಿಂದ ನಮ್ಮ ಮನೆಯ ಕುಡಿಯುವ ನೀರು ಅದರಲ್ಲೇ. ಆದರೆ ನೀರು ಬಗ್ಗಿಸುವಾಗೆಲ್ಲ ಒಂದು ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಿಕೆ ಚೂರಿನಂತೆ ಕಿರಿಕಿರಿ ಮಾಡುತ್ತಿತ್ತು. ಆ ರೈಡಿಗೆ ಹೋಗಿದ್ದರೆ ನಾನು ವಾಪಸು ಬರುತ್ತಿದ್ದೆನಾ? ಗಂಡ ಬಂದ, ಮಕ್ಕಳು ಬಂದರು, ಗಂಡ ಹೋದ. ಚೂರು ಅಲ್ಲೇ ಇತ್ತು.

ಪಂದ್ಯ ಕೆಟ್ಟ ಮರುದಿನ ನಾನು ವಿಠಲನಿಗೆ ಹೇಳಿದೆ, ನನ್ನ ಎಲೆಯನ್ನು ಬರೆ ಎಂದು. ಅವನು ಖುಷಿಯಿಂದ ಬರೆದುಕೊಟ್ಟ. ಎರಡರ ಎದುರು ಮಾತ್ರ "ಹಿಡಿದರು". ಉಳಿದದ್ದೆಲ್ಲ "ಮುಟ್ಟಿ ಬಂದಳು".

"ನೀನು ನನ್ನ ಆಟ ನೋಡಿದ್ದೀಯಾ?"

"ಇಲ್ಲ, ನಾನಾಗ ಸಣ್ಣವ, ಅಮ್ಮ ಕಳಿಸ್ಲಿಲ್ಲ. ಆದ್ರೆ ನೀನು ನನ್ನ ಅಕ್ಕ ಅಲ್ವಾ? ನಿನ್ನನ್ನು ಹಿಡಿಯುವವರು ಯಾರು?"

ಎಲೆಯನ್ನು ಒಲೆಗೆ ಹಾಕಿದೆ. ಅಂಟು ಕಾಯಲು ಸ್ವಲ್ಪ ಸಹಾಯವಾಯಿತು. ಸುಳ್ಳು ಎಲೆಯಿಂದ ದಾಳ ಹಾಕಿ ಗೆದ್ದರೆ ನನಗೆ ತಿಳಿಯುವುದೇನು? ನನ್ನ ಟೀಮಿನ ಹೆಂಗಸರನ್ನು ಕೇಳುವ ಎಂದರೆ ಅವರೂ ಇದನ್ನೇ ಬರೆಯುತ್ತಾರೆ. ನಮ್ಮವರಲ್ಲವಾ! ಸತ್ಯ ಬರೆಯಬಲ್ಲವಳು ಒಬ್ಬಳೇ ಎಂದು ನನಗೆ ಗೊತ್ತಿತ್ತು. ಅವಳು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ನನ್ನ ಕಾಲನ್ನೇ ನೋಡುತ್ತಿದ್ದವಳು.

ಕಾರ್ಮಿನ್ ಬಾಯಿ ಎಲ್ಲಿದ್ದಾಳೆಂದು ಹುಡುಕಬೇಕಾಗಿರಲಿಲ್ಲ. ಮೂಡಬಿದಿರೆಯ ಸಂತೆಯಲ್ಲಿ ಆಗೊಮ್ಮೆ ಈಗೊಮ್ಮೆ ಕಂಡದ್ದುಂಟು. ಇಬ್ಬರೂ ಒಂದಿಷ್ಟು ತಲೆ ಅಲ್ಲಾಡಿಸಿ ನಮ್ಮ ನಮ್ಮ ತರಕಾರಿಗೆ ಹೋಗುವುದು. ಮಾತಾಡಲು ಅಡ್ಡಿಯಾಗಿ ನಡುವೆ ಆ ಕೊಡಪಾನವಿತ್ತು. ಮಿಜಾರಿನಲ್ಲಿ ಕಾಲೇಜು ಮಕ್ಕಳಿಗೆ ಊಟ ಹಾಕುತ್ತಾಳೆ ಎಂದು ಯಾರೋ ಹೇಳಿದ್ದರು. ವಿಠಲನನ್ನು ಎಬ್ಬಿಸಿಕೊಂಡು ಹೊರಟೆ.

ಹಿತ್ತಿಲಲ್ಲಿ ದೊಡ್ಡ ಬಾಣಲೆಯ ಎದುರು ಕುಳಿತಿದ್ದಳು. ಕೂದಲು ಬಿಳಿ, ಅಗಲ ಹಾಗೇ ಇದೆ. ನನ್ನ ಮುಖ ನೋಡುವ ಮೊದಲು ಕಾಲು ನೋಡಿದಳು.

"ಬಂದ್ಯಾ? ಈಗ ನೆನಪಾಯ್ತಾ?"

"ನಿನ್ನ ಊಟ ಉಣ್ಣಲಿಕ್ಕೆ ಬಂದದ್ದಲ್ಲ ಬಾಯಿ. ಒಂದು ಕೆಲಸ ಉಂಟು."

ವಿಠಲ ಆಟವನ್ನು ವಿವರಿಸಿದ. ಅವಳು ಸೌಟು ತಿರುಗಿಸುತ್ತಲೇ ಕೇಳಿದಳು. ಕೇಳಿ ಮುಗಿದ ಮೇಲೆ ಸೌಟು ಇಟ್ಟು, ಕೈ ಒರೆಸಿಕೊಂಡು, ಎಲೆಗೆ ಕೈ ಚಾಚಿದಳು. "ಕೊಡು ಇಲ್ಲಿ. ನಿಜ ಬರೀಬೇಕಾ, ಚಂದ ಬರೀಬೇಕಾ?"

"ಚಂದ ಬರೆಯುವವರು ನಮ್ಮಲ್ಲೇ ಸಾಕಷ್ಟು ಇದ್ದಾರೆ."

"ಹಾಗಾದ್ರೆ ಕೇಳು. ನೀನು ಬರುವುದು ಎಡಗಡೆಯಿಂದ. ಕೈ ಬೀಸ್ತೀ ಚೆನ್ನಾಗಿ, ಬೀಸುವಾಗ ಬಲಗಾಲು ಹಿಂದೆ ಉಳಿಯುತ್ತದೆ. ಮರ್ತು ಬಂದ ಕೊಡೆಯ ಹಾಗೆ. ಆವತ್ತು ಎರಡು ಸರ್ತಿ ಕೈಗೆ ಸಿಕ್ಕಿ ಜಾರಿತು. ಇನ್ನೊಂದು ಸರ್ತಿ ಬಂದಿದ್ರೆ ಬಿಡ್ತಿರ್ಲಿಲ್ಲ." ಹೇಳುತ್ತಾ ಬರೆದಳು. "ಏಳು, ಹಿಡಿದರು. ಐದು, ಹಿಡಿದರು. ಒಂಬತ್ತು, ಹಿಡಿದರು."

"ನನ್ನನ್ನು ಕೊಂದೇ ಬಿಡ್ತೀಯಾ ಮಾರಾಯ್ತಿ?"

"ತಡಿ. ಆರು, ಮುಟ್ಟಿ ಬಂದಳು. ಎಂಟೂ ನಿನ್ನದೇ. ಹತ್ತೂ ತೆಕ್ಕೋ. ಕಾಲು ಕೆಟ್ಟದ್ದಾದ್ರೂ ವೇಗ ಇತ್ತು ನಿನಗೆ. ನಾನು ಹೆದರ್ತಿದ್ದೆ."

ಬಲಗಾಲಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಆಡಿದ್ದೇನೆ, ಒಬ್ಬರೂ ಹೇಳಿರಲಿಲ್ಲ. ನಮ್ಮವರು ಹೇಳುವುದಿಲ್ಲ. ಹೆದರುತ್ತಿದ್ದಳೆಂಬುದನ್ನೂ ಯಾರೂ ಹೇಳಿರಲಿಲ್ಲ. ಎರಡೂ ಒಟ್ಟಿಗೇ ಸಿಕ್ಕಿದಾಗ ನನಗೆ ಎಷ್ಟು ಖುಷಿಯಾಯಿತೆಂದರೆ ವಿಠಲನ ಕೈಯಿಂದ ಒಂದು ಖಾಲಿ ಎಲೆ ಕಿತ್ತುಕೊಂಡು ಅವಳದನ್ನು ನಾನೇ ಬರೆದೆ. ರೈಡಿಗೆ ಬಂದರೆ ಎಮ್ಮೆ, ಎಲ್ಲ ಅಂಕಿಗೂ ಹಿಡಿತ ಎಂದೆ. ಹಿಡಿಯಲು ಕುಳಿತರೆ ಮೊಸಳೆ, ಅದನ್ನು ಬರೆಯಲು ಎಲೆಯಲ್ಲಿ ಜಾಗವೇ ಇಲ್ಲವಲ್ಲ ಎಂದು ಬೇಸರಪಟ್ಟೆ. ಅವಳು ನಕ್ಕು ನಕ್ಕು ಸಾಂಬಾರಿಗೆ ಉಪ್ಪು ಎರಡು ಸಲ ಹಾಕಿದಳು. ಕಾಲೇಜು ಮಕ್ಕಳು ಆವತ್ತು ಏನು ಹೇಳಿಕೊಂಡು ಉಂಡರೋ.

ಬಸ್ಸಿನಲ್ಲಿ ವಾಪಸು ಬರುವಾಗ ವಿಠಲ ಸೀಟಿನಲ್ಲಿ ನೆಟ್ಟಗೆ ಕೂರಲಾರದಾದ. "ಅಕ್ಕ, ಇದೇ! ಇದೇ ಆಗ್ಬೇಕಾದ್ದು! ಎಲ್ಲರ ಕಾರ್ಡನ್ನೂ ಎದುರು ಟೀಮಿನವರು ಬರೀಲಿ!"

ಹಾಗೆಯೇ ಆಯಿತು. ಶೀನಣ್ಣನ ಎಲೆಯನ್ನು ಪದ್ಮಣ್ಣ, ಪದ್ಮಣ್ಣನದನ್ನು ಶೀನಣ್ಣ. ಅಬ್ಬಾ, ಆ ಜಗಳ! "ನೀನು ಬೋನಸ್ ಗೆರೆಯನ್ನು ದೂರದಿಂದ ನಮಸ್ಕಾರ ಮಾಡಿ ಬರುವವ!" "ನೀನು ರೈಡರನನ್ನು ಡ್ಯಾಶ್ ಮಾಡಿ ದೂಡ್ತೇನೆ ಅಂತ ಹೋಗಿ ನಿಮ್ಮವನನ್ನೇ ಹೊರಗೆ ಹಾಕಿದವ!" ಮೊಣಕಾಲಿನ ಪಟ್ಟಿ ಬಿಚ್ಚಿ ಶೀನಣ್ಣ ಚಾವಡಿಯಲ್ಲೇ ಮಾಡಿ ತೋರಿಸಲು ಎದ್ದ, ಎದ್ದವನು ಮತ್ತೆ ಕುಳಿತುಕೊಳ್ಳಲು ಇಬ್ಬರು ಬೇಕಾಯಿತು. ಅವನ ಏಳರ ಎದುರು ಈಗ "ಹಿಡಿದರು". ಒಪ್ಪಿದ. ಬಯ್ಯುತ್ತಲೇ ಒಪ್ಪಿದ. ಕಣ್ಣು ಮಾತ್ರ ಹೊಳೆಯುತ್ತಿತ್ತು. ಎಷ್ಟೋ ವರ್ಷದ ಮೇಲೆ ಯಾರೋ ಅವನ ಆಟವನ್ನು ನಿಜವಾಗಿ ನೋಡಿದ್ದರಲ್ಲ.

ಮುಂದಿನ ಭಾನುವಾರ ಮೊದಲು ನಮ್ಮ ರೈಡು, ಆಮೇಲೆ ಗಂಡಸರ ಪಂದ್ಯ ಎಂದು ನಾನೇ ಹೇಳಿದೆ. ಈ ಸಲ ಅವರು ಸಹಕರಿಸಲಿ. ಕಾರ್ಮಿನ್ ಬಾಯಿ ಮಧ್ಯಾಹ್ನದ ಊಟ ಬಡಿಸಿ ಮುಗಿಸಿ ಬಂದಳು. ಇಸ್ತ್ರಿ ಮಾಡಿದ ಸೀರೆ, ತಲೆಯಲ್ಲಿ ಮಲ್ಲಿಗೆ. ವಿಠಲ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಎಲೆಗಳನ್ನು ಆವತ್ತಿನಂತೆ ಇಟ್ಟ. ಈಚೆ ನಾನೊಬ್ಬಳು. ಆಚೆ ಅವರ ಮೂವರು, ಇಬ್ಬರದು ಇನ್ನೂ ಬರೆಯದ ಖಾಲಿ ಎಲೆ, ಎಡದ ಮೂಲೆಯಲ್ಲಿ ಇವಳು. ಸ್ಕೋರು ಸಮ ಇತ್ತು ಎಂದು ನಾನು, ತಮ್ಮದು ಒಂದು ಹೆಚ್ಚಿತ್ತು ಎಂದು ಅವಳು. ಅದೇ ಕೊನೆಯ ರೈಡು ಎಂಬುದರಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. ಮುಟ್ಟಿ ಬಂದರೆ ನಾನು, ಹಿಡಿದರೆ ಅವಳು, ಖಾಲಿ ಬಂದರೆ ಇನ್ನೊಮ್ಮೆ ಹಾಕುವುದು ಎಂದು ಒಪ್ಪಿಕೊಂಡೆವು.

ದಾಳ ಕೈಗೆ ತೆಗೆದುಕೊಂಡಾಗ ನನ್ನ ಅಂಗೈ ಬೆವರಿತ್ತು. ಮರದ ಎರಡು ತುಂಡು! ಹೆರಿಗೆಗೆ ಹೋಗುವಾಗಲೂ ಬೆವರದ ಹೆಂಗಸು ನಾನು. ಗೊತ್ತಿಲ್ಲದೆಯೇ ಉಸಿರು ಹಿಡಿದು ಕಬಡ್ಡಿ ಕಬಡ್ಡಿ ಎನ್ನಲು ಸುರು ಮಾಡಿದ್ದೆ. ಯಾರೂ ನಗಲಿಲ್ಲ.

ಹಾಕಿದೆ. ನಾಲ್ಕು. ಖಾಲಿ ಬಂದಳು.

"ಹೋ!" ಎಂದಿತು ಚಾವಡಿ. ಶೀನಣ್ಣ ಕುರ್ಚಿಯನ್ನು ಮುಂದಕ್ಕೆ ಎಳೆದ. ಕಾರ್ಮಿನ್ ಬಾಯಿ ಕೊರಳಿನ ಶಿಲುಬೆಯನ್ನು ಬೆರಳಲ್ಲಿ ಹಿಡಿದಿದ್ದಳು. ಉಸಿರು ಬಿಡದೆ ಮತ್ತೆ ಹಾಕಿದೆ. ಒಂದು ದಾಳ ಗೆರೆಯ ಮೇಲೇ ನಿಂತಿತು, ನಾಲ್ಕು. ಇನ್ನೊಂದು ಉರುಳಿ, ಅಂಚಿನಲ್ಲಿ ಒಂದು ಗಳಿಗೆ ಯೋಚಿಸಿ, ಕೆಳಗೆ ಹಾರಿ, ಬೆಂಚಿನಡಿಯ ಚಪ್ಪಲಿಗಳ ನಡುವೆ ಹೋಯಿತು. ಅದು ಎರಡಾದರೆ ಆರು, ನಾಲ್ಕಾದರೆ ಎಂಟು, ನನ್ನದು. ಆರಾದರೂ ಹತ್ತು, ನನ್ನದೇ. ಪದ್ಮಣ್ಣ ಮೊಣಕಾಲೂರಿ ಬಗ್ಗಿದ. ಬಗ್ಗಿದವನು ತಲೆ ಎತ್ತಲೇ ಇಲ್ಲ.

"ಎಷ್ಟು ಮಾರಾಯ?" ಎಂದು ವಿಠಲ ಕಿರುಚಿದ.

"ಅದು... ಸರಿ ಕಾಣುವುದಿಲ್ಲ. ಚಪ್ಪಲಿಗೆ ಒರಗಿ ಉಂಟು," ಎಂದ ಪದ್ಮಣ್ಣ. "ಇದು ಲೆಕ್ಕಕ್ಕಿಲ್ಲ ಅಕ್ಕ, ಇನ್ನೊಮ್ಮೆ ಹಾಕಿ."

"ಹೌದೌದು, ಚಪ್ಪಲಿಗೆ ಒರಗಿದ್ರೆ ಲೆಕ್ಕ ಇಲ್ಲ," ಎಂದ ಶೀನಣ್ಣ. ಅವನು ಕುಳಿತಲ್ಲಿಂದ ಚಪ್ಪಲಿಯೂ ಕಾಣುತ್ತಿರಲಿಲ್ಲ. "ಇನ್ನೊಮ್ಮೆ! ಇನ್ನೊಮ್ಮೆ!" ಎಂದು ಎಲ್ಲರೂ ಸೇರಿದರು. ಏನು ಬಿದ್ದಿದೆ ಎಂದು ನನಗೆ ಆಗಲೇ ತಿಳಿಯಿತು. ಪದ್ಮಣ್ಣನನ್ನು ಸರಿಸಿ ನಾನೇ ಬಗ್ಗಿ ನೋಡಿದೆ. ಯಾವ ಚಪ್ಪಲಿಗೂ ಒರಗಿರಲಿಲ್ಲ. ನೆಲದ ಮೇಲೆ ಸರಿಯಾಗಿ ಕುಳಿತಿತ್ತು. ಮೂರು.

ನಾಲ್ಕೂ ಮೂರೂ ಏಳು.

"ಹಾಕು ಬೇಕಾದ್ರೆ ಇನ್ನೊಮ್ಮೆ," ಎಂದಳು ಕಾರ್ಮಿನ್ ಬಾಯಿ ಮೆಲ್ಲಗೆ. "ನನಗೇನೂ ಬೇಜಾರಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ನೀನೂ ಸುರು ಮಾಡಿದ್ಯಾ? ಇವರದ್ದೆಲ್ಲ ಸಾಕಾಗ್ಲಿಲ್ಲ ಅಂತ ನಿನ್ನದೂ ಒಂದು ದಾಕ್ಷಿಣ್ಯವಾ? ಕೆಳಗೆ ಬಿದ್ದರೂ ಬಿದ್ದದ್ದೇ ಲೆಕ್ಕ. ಏಳಕ್ಕೆ ಎಂತ ಬರ್ದಿದ್ದೀ, ಓದು!"

ಅವಳು ಎಲೆ ಎತ್ತಿಕೊಂಡಳು. ಕನ್ನಡಕ ಸರಿಮಾಡಿಕೊಂಡು, ಚಾವಡಿಗೆಲ್ಲ ಕೇಳುವಂತೆ ಓದಿದಳು. "ಏಳು. ಹಿಡಿದರು." ಓದಿದವಳೇ ಎಲೆ ಬಿಸಾಡಿ, ಮೇಜಿನಡಿಗೆ ಬಗ್ಗಿ, ನನ್ನ ಬಲಗಾಲಿನ ಪಾದದ ಗಂಟನ್ನು ಗಬಕ್ಕನೆ ಹಿಡಿದಳು.

"ಸಿಕ್ಕಿದ್ಯಾ!"

ದೇವರಾಣೆ, ಕಾಲು ಅಲುಗಾಡಿಸಲು ಆಗಲಿಲ್ಲ. ಅದೇ ಬೆರಳು, ಅದೇ ಬಿಗಿ. ಗೆರೆಯ ಕಡೆಗೆ ಕೈ ಚಾಚಿ ನಾನು ಮೇಜಿನ ಮೇಲೆ ಬಿದ್ದೆ, ಎಲೆಗಳೆಲ್ಲ ಚೆಲ್ಲಾಪಿಲ್ಲಿ. ಬಿದ್ದಲ್ಲೇ ಉಸಿರು ಬಿಟ್ಟೆ. ಚಾವಡಿಯಲ್ಲಿ ಎದ್ದ ಬೊಬ್ಬೆಗೆ ಬೇಲಿಯಾಚೆಯಿಂದ ಸೊಸೆ ಓಡಿಬಂದಳು, ಅತ್ತೆಗೆ ಏನೋ ಆಯಿತೆಂದು. ಆದದ್ದು ಇಷ್ಟೇ, ಅತ್ತೆ ಸೋತಿದ್ದಳು. ಸೋತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆಮೇಲೆ ಲಾಯಿಲ, ಅಳದಂಗಡಿ ಹೊಡೆದಾಡಿಕೊಂಡವು. ಎಂಥ ಪಂದ್ಯ ಅದು! ಶೀನಣ್ಣ ಎರಡು ಸಲ ಸಿಕ್ಕಿಬಿದ್ದ, ಮೂರನೆಯ ಸಲ ಮುಟ್ಟಿ ಬಂದ. ಚಹಾ ತಣ್ಣಗಾದದ್ದು ಯಾರಿಗೂ ಗೊತ್ತಾಗಲಿಲ್ಲ. ಅದನ್ನು ಹೇಳಲು ಹೋದರೆ ಇನ್ನೊಂದು ಕತೆಯಾಗುತ್ತದೆ, ಅವರವರದ್ದು ಅವರವರೇ ಹೇಳಲಿ. ಕಾರ್ಮಿನ್ ಬಾಯಿ ಮಕ್ಕಳ ರಾತ್ರಿಯೂಟಕ್ಕೆ ಹೊತ್ತಾಯಿತೆಂದು ನಡುವಲ್ಲೇ ಎದ್ದು ಹೋದಳು. ಕೊಡಪಾನದ ಮಾತು ಅವಳು ಎತ್ತಲಿಲ್ಲ. ಗಂಡಸರ ಎದುರು ನಾನೂ ಎತ್ತಲಿಲ್ಲ. ಅದೇನು ಭಾಷಣ ಮಾಡಿ ಕೊಡುವ ವಸ್ತುವಲ್ಲ.

ಈಗಲೂ ಮದುವೆ ಕಾಗದ ಬಂದರೆ ಯಾರ ಮದುವೆ ಎಂದು ನೋಡುವ ಮೊದಲು ದಪ್ಪ ಎಷ್ಟಿದೆ ಎಂದು ಮುಟ್ಟಿ ನೋಡುತ್ತೇನೆ. ಇವತ್ತು ಅಂಟು ಕಾಯಿಸಿದ್ದು ಬಂಟ್ವಾಳ ಮತ್ತು ಮೂಡಬಿದಿರೆಯ ಬೀಡಿ ಬ್ರಾಂಚಿನ ಉಳಿದ ಹೆಂಗಸರಿಗೆ. ಅವರ ಎಲೆಗಳನ್ನು ಬರೆಯಲು ಕಾರ್ಮಿನ್ ಬಾಯಿ ಮಧ್ಯಾಹ್ನ ಬರುತ್ತಾಳೆ. ನಮ್ಮವರದನ್ನು ಅವಳು, ಅವರದನ್ನು ನಾನು. ಬಲಗಾಲನ್ನು ಜಾಗ್ರತೆಯಾಗಿ ಇಟ್ಟುಕೊಂಡಿದ್ದೇನೆ. ಕುಡಿಯುವ ನೀರು ಈಗ ಮಣ್ಣಿನ ಹೂಜಿಯಲ್ಲಿ. ಬಗ್ಗಿಸುವಾಗ ಬೀಳುವುದು ನೀರು ಮಾತ್ರ.

ಯಾಕೆಂದರೆ ಆ ಭಾನುವಾರದ ಮರುದಿನ ಬೆಳಿಗ್ಗೆ ಎದ್ದವಳೇ ನಾನು ಕೊಡಪಾನದ ನೀರನ್ನು ಬಾಲ್ದಿಗೆ ಸುರಿದೆ. ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ಬದಿಯಲ್ಲಿ ಒಂದು ಕುಳಿ ಬಿದ್ದಿತ್ತು, ಅದು ನನ್ನ ಮಗ ನಡೆಯಲು ಕಲಿಯುವಾಗ ಉರುಳಿಸಿದ್ದು, ಅದನ್ನು ತೆಗೆಯಲು ಆಗಲಿಲ್ಲ. ಸೊಂಟದ ಮೇಲೆ ಇಟ್ಟುಕೊಂಡು ಮೂಡಬಿದಿರೆ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನನ್ನೂ ಕೊಡಪಾನವನ್ನೂ ನೋಡಿದ.

"ಎಲ್ಲಿಗೆ ಅಜ್ಜಿ, ಬೆಳಿಗ್ಗೆ ಬೆಳಿಗ್ಗೆ ನೀರಿಗಾ?"

"ಮಿಜಾರಿಗೆ. ಮೂಡಬಿದಿರೆಗೆ ಒಂದು ಟಿಕೆಟು ಕೊಡು, ಅಲ್ಲಿಂದ ಬೇರೆ ಬಸ್ಸು."

"ಯಾಕೆ, ಮಿಜಾರಿನವರಿಗೆ ಕೊಡಪಾನ ಇಲ್ವಾ?"

"ಇಲ್ಲ ಮಾರಾಯ," ಎಂದೆ. "ಫೈನಲ್ ನಿನ್ನೆಯಷ್ಟೇ ಮುಗಿದದ್ದು."